ನಮ್ಮ ಗೂಡಿನ ಮಾರ್ಕೆಟ್ಟಿಗೆ ಬರುತ್ತೇವೆ ಎಂದವರು

ಶಿಡ್ಲಘಟ್ಟ

ಹೊರದೇಶಕ್ಕೆ ಹೋಗಿ ಬಂದವರು ಅಲ್ಲಿನ ಕಟ್ಟಡಗಳ ಎತ್ತರವನ್ನೂ ರಸ್ತೆಗಳ ನುಣುಪನ್ನೂ ಬಣ್ಣಿಸುತ್ತಾರೆ. ನನಗೆ ಅವು ಅಷ್ಟಾಗಿ ನೆನಪಿಲ್ಲ. ತೊಂಬತ್ತರ ದಶಕದ ನಡುವಿನ ಒಂದು ವರ್ಷ ನಾನು ಥಾಯ್ಲೆಂಡಿಗೆ ಹೋದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಚಿಂತೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಪ್ರವಾಸ ಯಾಕೆ ಬರೆಯುತ್ತಿದ್ದೇನೆ ಎಂದೇ ನಿಮಗೆ ತಿಳಿಯುವುದಿಲ್ಲ.

ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ. ಹಿತ್ತಲಲ್ಲಿ ಗೂಡು ಬೇಯಿಸುವ ಬೇಸಿನ್‌ಗಳು, ಕುದಿಯುವ ನೀರು, ಗೂಡಿನ ಎಳೆ ಹುಡುಕುವ ಹೆಣ್ಣುಮಕ್ಕಳು. ಮದುವೆಯಾಗಿ ಬಂದ ದಿನದಿಂದ ಆ ಹಬೆಯಲ್ಲೇ ಬೆಂದವಳು ನಾನು. ನನ್ನ ಯಜಮಾನರು ತೀರಿಕೊಂಡ ಮೇಲೂ ಕೆಲಸ ನಿಲ್ಲಲಿಲ್ಲ, ಆದರೆ ಗೂಡು ಕೊಳ್ಳುವ ಲೈಸೆನ್ಸ್ ಅವರ ಹೆಸರಿನಲ್ಲಿತ್ತು. ನಮ್ಮೂರ ಗೂಡಿನ ಮಾರ್ಕೆಟ್ಟಿನಲ್ಲಿ ಬೆಳಗ್ಗೆ ಹರಾಜು. ಚಿಂತಾಮಣಿ ಕಡೆಯಿಂದ, ಗೌರಿಬಿದನೂರಿನ ಕಡೆಯಿಂದ ರೈತರು ಗೂಡು ತಂದು ಸುರಿಯುತ್ತಾರೆ. ನಮ್ಮಂತೆ ನೂಲು ಬಿಚ್ಚುವ, ಲೈಸೆನ್ಸ್ ಇದ್ದ ರೀಲರ್‌ಗಳು ರಾಶಿಯಿಂದ ರಾಶಿಗೆ ನಡೆಯುತ್ತಾ ಬೆಲೆ ಕೂಗುತ್ತಾರೆ. ನಾನು ಕೂಗುವಂತಿರಲಿಲ್ಲ, ಗೇಟಿನ ಹೊರಗೇ ನಿಲ್ಲುತ್ತಿದ್ದೆ. ನನ್ನ ಪರವಾಗಿ ಮೈದುನ ವೆಂಕಟೇಶ ಕೂಗುತ್ತಿದ್ದ. ಒಳ್ಳೆಯ ಗೂಡು ಅವನ ಬೇಸಿನ್‌ಗೆ ಹೋಗುತ್ತಿತ್ತು. ನನ್ನ ಮನೆಗೆ ಬರುತ್ತಿದ್ದದ್ದು ಮೆತ್ತಗಿನದು, ಕಲೆ ಬಿದ್ದದ್ದು. ಎಳೆ ಮತ್ತೆ ಮತ್ತೆ ತುಂಡಾಗಿ ಹುಡುಗಿಯರು ಗೊಣಗುತ್ತಿದ್ದರು.

ರೇಷ್ಮೆ ಇಲಾಖೆಗೆ ಹೋಗಿ ಕೇಳಿದೆ. ಅಲ್ಲಿನ ಅಧಿಕಾರಿ ಒಳ್ಳೆಯ ಮನುಷ್ಯನೇ.

"ನಿಮ್ಮ ಹೆಸರಿಗೆ ಮಾಡಿಕೊಡೋದಕ್ಕೆ ಕಾನೂನಲ್ಲಿ ಅಡ್ಡಿ ಏನಿಲ್ಲಮ್ಮ. ಆದರೆ ಹೆಂಗಸರು ಒಳಗೆ ನಿಂತು ಕೂಗಿದ್ದು ನಾವು ಕಂಡಿಲ್ಲ. ನೂಕುನುಗ್ಗಲು, ಬಾಯಿಗೆ ಬಂದ ಮಾತು, ನಾಳೆ ಏನಾದ್ರೂ ಆದ್ರೆ? ನಿಮ್ಮ ಸಂಘದವರು ಒಂದು ಮಾತು ಹೇಳಿಬಿಡ್ಲಿ, ಸಾಕು" ಎಂದರು.

ಸಂಘ ಎಂದರೆ ನಮ್ಮೂರ ರೀಲರ್‌ಗಳ ಸಂಘ. ಅದರ ಅಧ್ಯಕ್ಷರು ನಂಜುಂಡಪ್ಪನವರು. ಬಿಳಿ ಪಂಚೆ, ಇಸ್ತ್ರಿ ಮುರಿಯದ ಅಂಗಿ, ಯಾರನ್ನೂ ನೋಯಿಸದ ಮಾತು. ನಾನು ಮೂರು ಸಲ ಹೋದೆ. ಮೂರು ಸಲವೂ ಕಾಫಿ ಕೊಡಿಸಿ, "ನೋಡಣ ಬಿಡಮ್ಮ" ಎಂದರು. ಇಲ್ಲ ಎಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಯಜಮಾನರ ಲೈಸೆನ್ಸಿನ ಅವಧಿ ಆ ವರ್ಷಕ್ಕೆ ಮುಗಿಯುತ್ತಿತ್ತು, ಅಷ್ಟರೊಳಗೆ ಅದು ನನ್ನ ಹೆಸರಿಗೆ ಬಾರದಿದ್ದರೆ ಬೇಸಿನ್‌ಗಳೆಲ್ಲ ವೆಂಕಟೇಶನ ಕೈಗೆ ಹೋಗುವುದು ಖಂಡಿತವಿತ್ತು.

ಅಷ್ಟರಲ್ಲಿ ಬೆಂಗಳೂರಿನ ಒಂದು ಸಂಸ್ಥೆಯಿಂದ ಸಂಘಕ್ಕೆ ಆಹ್ವಾನ ಬಂತು. ಥಾಯ್ಲೆಂಡಿನ ಖೋನ್ ಕೇನ್ ಎಂಬ ರೇಷ್ಮೆ ಊರಿನಲ್ಲಿ ವ್ಯಾಪಾರ ಮಾಡುವ ಹೆಂಗಸರ ಸಂಘವೊಂದಿದೆ, ಅವರನ್ನು ನೋಡಲು ಇಬ್ಬರು ಹೆಣ್ಣು ರೀಲರ್‌ಗಳನ್ನು ಕಳಿಸಿ, ಜೊತೆಗೆ ಪದಾಧಿಕಾರಿ ಒಬ್ಬರು ಬರಬಹುದು ಎಂದಿತ್ತು. ಪದಾಧಿಕಾರಿ ಸಿಗುವುದು ಕಷ್ಟವಾಗಲಿಲ್ಲ. ಹೆಣ್ಣು ರೀಲರ್‌ಗಳನ್ನು ಹುಡುಕುವುದು ಕಷ್ಟವಾಯಿತು. ಕೊನೆಗೆ ನನ್ನನ್ನೂ ಖಮರುನ್ನೀಸಾಳನ್ನೂ ಹಿಡಿದರು. ಖಮರ್ ನನಗಿಂತ ನಾಲ್ಕು ಮನೆ ಆಚೆ ಇರುವವಳು. ಗಂಡ ಹಾಸಿಗೆ ಹಿಡಿದ ಮೇಲೆ ಅವಳೂ ಮನೆಯ ನೂಲು ಬಿಚ್ಚುವ ಚರಕಗಳನ್ನು ತಾನೇ ನಡೆಸುತ್ತಿದ್ದಳು. ಅವಳಿಗೂ ಅದೇ ಗೇಟು, ಅದೇ ಕಾಯುವಿಕೆ.

ನಾನು ಹೊರಟದ್ದು ಪರದೇಶ ನೋಡಲಿಕ್ಕಲ್ಲ. ಹತ್ತು ದಿನ ಅಧ್ಯಕ್ಷರ ಜೊತೆಗೇ ಇರುತ್ತೇನೆ, ಎಲ್ಲಾದರೂ ಒಂದು ಕಡೆ "ಆಗಲಿ ಬಿಡಮ್ಮ" ಎನ್ನಿಸಿಕೊಳ್ಳದೆ ಬಿಡುವುದಿಲ್ಲ ಎಂದುಕೊಂಡು ಹೊರಟೆ.

ಬ್ಯಾಂಕಾಕ್‌ನಿಂದ ರೈಲು

ಮದರಾಸಿನಿಂದ ವಿಮಾನ. ಅಧ್ಯಕ್ಷರು ಕಣ್ಣು ಮುಚ್ಚಿ ಮಂಜುನಾಥನನ್ನು ನೆನೆಯುತ್ತಾ ಕೂತಿದ್ದರು, ಖಮರ್ ಕಿಟಕಿಗೆ ಮುಖ ಅಂಟಿಸಿಕೊಂಡಿದ್ದಳು. ಬ್ಯಾಂಕಾಕ್‌ನಲ್ಲಿ ನಮ್ಮನ್ನು ಎದುರುಗೊಂಡವಳ ಹೆಸರು ಜಸ್ಬೀರ್. ಎಷ್ಟೋ ತಲೆಮಾರಿನಿಂದ ಖೋನ್ ಕೇನ್‌ನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡ ಪಂಜಾಬಿ ಮನೆಯ ಸೊಸೆ ಅವಳು, ಆ ಹೆಂಗಸರ ಸಂಘದ ಸದಸ್ಯೆ. ಅವಳಿಗೆ ಥಾಯ್ ಬರುತ್ತಿತ್ತು, ಹಿಂದಿ ಬರುತ್ತಿತ್ತು. ಖಮರಳ ಉರ್ದು ಅವಳ ಹಿಂದಿಗೆ ಸರಿಯಾಗಿ ಹೊಂದಿತು. ಅಲ್ಲಿಂದ ಮುಂದೆ ನಮ್ಮ ಮಾತು ಸಾಗಿದ ದಾರಿ ಹೀಗೆ: ಅಧ್ಯಕ್ಷರೋ ನಾನೋ ಕನ್ನಡದಲ್ಲಿ ಹೇಳುವುದು, ಖಮರ್ ಅದನ್ನು ಉರ್ದುವಿಗೆ ಹಾಕುವುದು, ಜಸ್ಬೀರ್ ಥಾಯ್‌ಗೆ ಹಾಕುವುದು. ಉತ್ತರ ಅದೇ ದಾರಿಯಲ್ಲಿ ಹಿಂದಕ್ಕೆ ಬರುವುದು. ಅಧ್ಯಕ್ಷರಿಗೆ ಇದು ಅಷ್ಟು ಇಷ್ಟವಾಗಲಿಲ್ಲ. ತಮ್ಮ ಮಾತೆಲ್ಲ ಖಮರಳ ಬಾಯಿಂದಲೇ ಹೋಗಬೇಕಾಯಿತಲ್ಲ ಎಂದು ಅವರಿಗೆ ಇರುಸುಮುರುಸು.

ಹಗಲಿನ ರೈಲು. ಎರಡೂ ಕಡೆ ಗದ್ದೆ, ನಡುನಡುವೆ ಒಣ ನೆಲ, ನಮ್ಮ ಬಾಗೇಪಲ್ಲಿ ಕಡೆಯ ಹಾಗೆ ಕೆಂಪು. ಪ್ರತಿ ನಿಲ್ದಾಣದಲ್ಲಿ ಹೆಂಗಸರು ಬುಟ್ಟಿ ಹೊತ್ತು ಹತ್ತುತ್ತಿದ್ದರು, ಕೋಲಿಗೆ ಚುಚ್ಚಿ ಸುಟ್ಟ ಕೋಳಿ, ಹಣ್ಣು, ಬಿದಿರ ಡಬ್ಬಿಯಲ್ಲಿ ಅನ್ನ. ಮಾರುವವರಲ್ಲಿ ಒಬ್ಬ ಗಂಡಸೂ ಇಲ್ಲ.

"ಇಲ್ಲಿ ಗಂಡಸರು ಏನು ಮಾಡ್ತಾರಂತೆ, ಕೇಳಮ್ಮ" ಎಂದರು ಅಧ್ಯಕ್ಷರು.

ಪ್ರಶ್ನೆ ಹೋಯಿತು, ಉತ್ತರ ಬಂತು. ಖಮರ್ ನಗು ತಡೆದುಕೊಂಡು, "ರೈಲು ಓಡಿಸ್ತಾರಂತೆ ಸಾರ್" ಎಂದಳು.

ಊಟದ ವಿಷಯದಲ್ಲಿ ನಮ್ಮ ಮೂವರ ಪಾಡೂ ಒಂದೇ ಆಯಿತು. ಅಧ್ಯಕ್ಷರು ಮಾಂಸ ಮುಟ್ಟುವವರಲ್ಲ, ಅಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾರು ಹುಯ್ಯುತ್ತಾರೆ. ಖಮರಳಿಗೆ ಹಂದಿಯ ಭಯ. ನನಗೆ ಎಲ್ಲದರ ಭಯ. ನಾನು ಕಟ್ಟಿಕೊಂಡು ಹೋಗಿದ್ದ ಹುರಳಿಕಾಳಿನ ಚಟ್ನಿಪುಡಿಯನ್ನು ಮೂವರೂ ಒಂದೇ ಡಬ್ಬಿಯಿಂದ ತಿಂದೆವು. ನಮ್ಮೂರಿನಲ್ಲಿ ಖಮರಳ ಮನೆಯ ನೀರನ್ನೂ ಕುಡಿದಿರದ ಅಧ್ಯಕ್ಷರು ಅವಳು ಬಡಿಸಿದ ಪುಡಿಯನ್ನು ಅನ್ನಕ್ಕೆ ಕಲಸಿಕೊಂಡು ಸುಮ್ಮನೆ ತಿಂದರು. ಅನ್ನವೂ ವಿಚಿತ್ರ. ಅಂಟಕ್ಕಿ. ಕೈಯಲ್ಲಿ ಉಂಡೆ ಮಾಡಿ ಅದ್ದಿಕೊಂಡು ತಿನ್ನಬೇಕು. ನಾವು ಮುದ್ದೆ ಮುರಿಯುವ ಹಾಗೆಯೇ ಮುರಿದು ಅದ್ದಿ ನುಂಗಿಬಿಟ್ಟೆವು. ಎದುರು ಕೂತ ಅಜ್ಜಿ ಗಾಬರಿಯಾಗಿ ಅಗಿಯಿರಿ, ಅಗಿಯಿರಿ ಎಂದು ದವಡೆ ಆಡಿಸಿ ತೋರಿಸಿದಳು.

ಖೋನ್ ಕೇನ್, ಸಂತೆ

ಸಂತೆಯ ಒಂದು ತಿರುವಿನಲ್ಲಿ ನಾನೂ ಖಮರಳೂ ಒಟ್ಟಿಗೆ ನಿಂತುಬಿಟ್ಟೆವು. ಮೂಗಿಗೆ ಬಡಿದದ್ದು ನಮ್ಮ ಹಿತ್ತಲಿನ ವಾಸನೆ. ಗೂಡಿನೊಳಗಿನ ಬೆಂದ ಹುಳದ ವಾಸನೆ. ಅದು ನಮ್ಮ ಸೀರೆಗೆ, ಕೂದಲಿಗೆ ಅಂಟಿಕೊಂಡಿರುತ್ತದೆ. ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿ ಎದ್ದು ಹೋಗುವುದು ನಮಗೆ ರೂಢಿ. ಇಲ್ಲಿ ನೋಡಿದರೆ ಆ ಹುಳಗಳನ್ನು ಎಣ್ಣೆಯಲ್ಲಿ ಹುರಿದು, ಉಪ್ಪು ಉದುರಿಸಿ, ಕಡಲೆಕಾಯಿಯ ಹಾಗೆ ಪೊಟ್ಟಣ ಕಟ್ಟಿ ಮಾರುತ್ತಿದ್ದರು. ಶಾಲೆಯ ಮಕ್ಕಳು ಸಾಲು ನಿಂತು ಕೊಳ್ಳುತ್ತಿದ್ದರು.

"ಸುಶೀಲಾ, ಇದನ್ನ ನಮ್ಮೂರಲ್ಲಿ ಯಾರಿಗಾದ್ರೂ ಹೇಳಿದ್ರೆ ನಂಬ್ತಾರಾ?" ಎಂದಳು ಖಮರ್.

ನಾನು ತಿನ್ನಲಿಲ್ಲ. ಆದರೆ ಆ ಸಂತೆಯಲ್ಲಿ ಸುಮಾರು ಹೊತ್ತು ಅಡ್ಡಾಡಿದೆ, ಯಾರೂ ನನ್ನನ್ನು ನೋಡಿ ಮೂಗು ಮುಚ್ಚುವವರಿಲ್ಲ ಎಂಬ ಸಂತೋಷಕ್ಕೆ.

ಅಲ್ಲಿ ಗೂಡಿನ ಹರಾಜು ಎಂಬುದೇ ಇಲ್ಲ. ಹೆಂಗಸರು ತಾವೇ ಹುಳ ಸಾಕಿ, ಮಣ್ಣಿನ ಗಡಿಗೆಯಲ್ಲಿ ಗೂಡು ಬೇಯಿಸಿ, ಕೈಯಿಂದಲೇ ನೂಲು ಎಳೆದು, ನೇಯ್ದು, ತಾವೇ ಅಂಗಡಿಯಲ್ಲಿ ಮಾರುತ್ತಾರೆ. ಅವರ ಗೂಡು ಅರಿಸಿನದ ಬಣ್ಣ, ನಮ್ಮದಕ್ಕಿಂತ ಚಿಕ್ಕದು. ಹೀಗೆ ಎಲ್ಲವೂ ಅವರ ಕೈಯಲ್ಲೇ ಇರುವಾಗ ಇವರಿಗೆ ಸಂಘ ಯಾಕೆ ಬೇಕಾಯಿತು ಎಂಬ ಅನುಮಾನ ನನಗೆ ಬಂತು. ಅದಕ್ಕೆ ಉತ್ತರ ಮಾರನೆಯ ದಿನ ಸಿಕ್ಕಿತು.

ಸಂಘದ ಹಾಲ್

ಅವರ ಸಂಘದ ಹಿರಿಯಳ ಹೆಸರು ಬುವಾ. ಎಲ್ಲರೂ "ಪಾ ಬುವಾ" ಎನ್ನುತ್ತಿದ್ದರು. ಪಾ ಎಂದರೆ ದೊಡ್ಡಮ್ಮ ಎಂದು ಜಸ್ಬೀರ್ ಹೇಳಿದಳು. ಅಕ್ಕಿ ಗಿರಣಿ ಇಟ್ಟುಕೊಂಡಿದ್ದ ಗಟ್ಟಿ ಮುದುಕಿ. ಕುಳ್ಳಗೆ, ದುಂಡಗೆ, ಕತ್ತರಿಸಿದ ಬಿಳಿ ಕೂದಲು.

ನಮ್ಮ ಅಧ್ಯಕ್ಷರು ಖಾಲಿ ಕೈಯಲ್ಲಿ ಹೋಗುವವರಲ್ಲ. ಬೆಂಗಳೂರಿನಿಂದ ಶಾಲು, ಗಂಧದ ಹಾರ, ಜರಿಯ ಮೈಸೂರು ಪೇಟ ತಂದಿದ್ದರು. ಹಾಲಿನ ತುಂಬ ಹೆಂಗಸರು ಕೂತಿದ್ದಾರೆ, ಇವರು ವೇದಿಕೆ ಹತ್ತಿ ಶಾಲು ಹೊದಿಸಿದರು, ಹಾರ ಹಾಕಿದರು, ಪೇಟವನ್ನು ಎತ್ತಿ ಬುವಾ ದೊಡ್ಡಮ್ಮನ ತಲೆಗೆ ಒತ್ತಿ ಕೂರಿಸಿ, ಸರಿಯಾಗಿ ಕೂತಿದೆಯೇ ಎಂದು ಮೇಲಿಂದ ಎರಡು ಸಲ ತಟ್ಟಿದರು. ಜಸ್ಬೀರ್ ಬಾಯಿಗೆ ಕೈ ಅಡ್ಡ ಹಿಡಿದಳು. ಆ ದೇಶದಲ್ಲಿ ದೊಡ್ಡವರ ತಲೆ ಮುಟ್ಟುವುದಕ್ಕಿಂತ ದೊಡ್ಡ ಅವಮಾನ ಇಲ್ಲವಂತೆ. ನಮಗೇನು ಗೊತ್ತು? ನಮ್ಮಲ್ಲಿ ಪೇಟ ತೊಡಿಸದಿದ್ದರೆ ಅದು ಸನ್ಮಾನವೇ ಅಲ್ಲ. ಆ ಮುದುಕಿ ಮಾತ್ರ ಅಲುಗಾಡಲಿಲ್ಲ. ಅವರ ಕೈಗೆ ಎಟುಕಲೆಂದು ಇನ್ನೂ ಸ್ವಲ್ಪ ತಲೆ ಬಗ್ಗಿಸಿ, ಆಮೇಲೆ ಪೇಟದ ಸಮೇತ ಕೈಮುಗಿದು ಸಭೆಯ ಕಡೆ ತಿರುಗಿದಳು. ಎಲ್ಲರೂ ಚಪ್ಪಾಳೆ ಹೊಡೆದರು. ಅಧ್ಯಕ್ಷರಿಗೆ ಏನೂ ತಿಳಿಯಲಿಲ್ಲ, ಹಿಗ್ಗಿಹೋದರು.

ಆ ಹಿಗ್ಗಿನಲ್ಲೇ ಎಡವಟ್ಟಾಯಿತು. ನಿಮ್ಮ ಸಂಘದಲ್ಲಿ ಎಷ್ಟು ಹೆಂಗಸರಿದ್ದಾರೆ ಎಂದು ಬುವಾ ಕೇಳಿದಳು.

"ಬೇಸಿನ್ ಮುಂದೆ ಕೂರೋರೆಲ್ಲ ಹೆಂಗಸರೇ. ಹೆಂಗಸರಿಲ್ಲದೆ ಶಿಡ್ಲಘಟ್ಟವೇ ಇಲ್ಲ" ಎಂದರು ಅಧ್ಯಕ್ಷರು.

ಕೆಲಸದವರಲ್ಲ, ಸದಸ್ಯರು ಎಷ್ಟು ಎಂದು ಪ್ರಶ್ನೆ ತಿರುಗಿ ಬಂತು.

ಅವರು ಒಂದು ಗಳಿಗೆ ನಮ್ಮಿಬ್ಬರ ಕಡೆ ನೋಡಿದರು. "ಇವರಿಬ್ಬರೂ ನಮ್ಮ ಕಮಿಟಿ ಮೆಂಬರ್‌ಗಳೇ" ಎಂದುಬಿಟ್ಟರು.

ಖಮರ್ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಪರಸ್ಥಳದಲ್ಲಿ ನಮ್ಮ ಹಿರಿಯರ ಮಾನ ಎಂದುಕೊಂಡು ಅವಳು ಅದನ್ನು ಹಾಗೆಯೇ ಉರ್ದುವಿನಲ್ಲಿ ಹೇಳಿದಳು. ಮತ್ತೆ ಚಪ್ಪಾಳೆ. ಮೂರು ಸಲ ಕಾಫಿ ಕೊಡಿಸಿ ಕಳಿಸಿದ ಮನುಷ್ಯ, ಚಪ್ಪಾಳೆಗಾಗಿ ನಮ್ಮನ್ನು ಒಂದು ನಿಮಿಷದಲ್ಲಿ ಕಮಿಟಿಗೇ ಸೇರಿಸಿಬಿಟ್ಟರಲ್ಲ!

ಅಲ್ಲಿಗೇ ಮುಗಿದಿದ್ದರೆ ನಾನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಬುವಾ ಕೈತಟ್ಟಿ ಯಾರನ್ನೋ ಕರೆದಳು. ಇಬ್ಬರು ಹೆಂಗಸರು ಬಿದಿರ ಮೊರಗಳಲ್ಲಿ ಅರಿಸಿನದ ಬಣ್ಣದ ಗೂಡು ತಂದು ನೆಲದ ಮೇಲೆ ರಾಶಿ ರಾಶಿಯಾಗಿ ಸುರಿದರು. ನಿಮ್ಮೂರಿನ ಹರಾಜಿನ ಬಗ್ಗೆ ತುಂಬ ಕೇಳಿದ್ದೇವೆ, ನಿಮ್ಮ ಮೆಂಬರ್ ಹೇಗೆ ಕೂಗುತ್ತಾರೆ ತೋರಿಸಲಿ ಎಂದಳು.

"ಹೂಂ, ತೋರಿಸಮ್ಮ ಸುಶೀಲಮ್ಮ" ಎಂದರು ಅಧ್ಯಕ್ಷರು. ಅವರ ದನಿಯಲ್ಲಿ ಆಜ್ಞೆಗಿಂತ ಬೇಡಿಕೆಯೇ ಹೆಚ್ಚಾಗಿತ್ತು.

ಎದ್ದು ರಾಶಿಯ ಮುಂದೆ ನಿಂತೆ. ಒಂದು ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ, ಬೆರಳಲ್ಲಿ ಒತ್ತಿದೆ. ಗಟ್ಟಿ ಗೂಡು. ಅಷ್ಟು ನನಗೆ ಗೊತ್ತು. ಆಮೇಲೆ? ಮೊದಲ ಕೂಗು ಯಾರದು, ಕೈ ಎತ್ತುವುದೋ ಬಾಯಲ್ಲಿ ಹೇಳುವುದೋ, ಯಾವಾಗ ಸುಮ್ಮನಾಗಬೇಕು, ರೈತ ಒಪ್ಪದಿದ್ದರೆ ಏನು ಹೇಳಬೇಕು? ಇಷ್ಟು ವರ್ಷ ಗೂಡಿನಲ್ಲೇ ಬದುಕಿದ್ದೇನೆ, ಆ ಹರಾಜನ್ನು ಮಾತ್ರ ಗೇಟಿನಾಚೆಯಿಂದ ಗದ್ದಲವಾಗಿ ಕೇಳಿದ್ದೇನೆ, ಅಷ್ಟೇ. ಇಷ್ಟು ಜನ ಹೆಂಗಸರು ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದಾರೆ. ಅಳು ಬಂತು. ಅಳುವುದಕ್ಕಿಂತ ಹೇಳುವುದು ವಾಸಿ ಎನ್ನಿಸಿತು.

"ನನಗೆ ಬರಲ್ಲ. ನಾನು ಒಂದು ದಿನವೂ ಒಳಗೆ ನಿಂತವಳಲ್ಲ. ನಮ್ಮೂರಲ್ಲಿ ಹೆಂಗಸರು ಗೇಟಿನ ಆಚೆ" ಎಂದೆ.

"ಖಮರಮ್ಮ, ಅದನ್ನ ಹೇಳ್ಬೇಡ. ಗಂಟಲು ಸರಿಯಿಲ್ಲ ಅಂತ ಏನಾದ್ರೂ ಹೇಳು" ಎಂದರು ಅಧ್ಯಕ್ಷರು ಮೆಲ್ಲಗೆ.

ಖಮರ್ ತಲೆಯ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಆಮೇಲೆ ಅಧ್ಯಕ್ಷರು ಹೇಳಿದ್ದನ್ನೂ ಒಂದಕ್ಷರ ಬಿಡದೆ ಹೇಳಿದಳು, ಹೇಳಬೇಡ ಎಂದದ್ದನ್ನೂ, ಗಂಟಲಿನದನ್ನೂ ಸೇರಿಸಿ. ಜಸ್ಬೀರ್ ಒಂದು ಕ್ಷಣ ತಡೆದು ಅಷ್ಟನ್ನೂ ಥಾಯ್‌ಗೆ ಹಾಕಿದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು.

ಅಧ್ಯಕ್ಷರ ಕಿವಿ ಕೆಂಪಾಯಿತು. ಶಾಲು ಹೊದಿಸಿದ ಕೈ ತೊಡೆಯ ಮೇಲೆ ಬಿತ್ತು. ನನಗೆ ಗೆದ್ದ ಸಂತೋಷವಾಗಬೇಕಿತ್ತು, ಆಗಲಿಲ್ಲ. ಅವರ ವಯಸ್ಸಿಗೆ, ಅಷ್ಟು ಜನರ ನಡುವೆ, ನಮ್ಮ ಕಡೆಯ ಒಬ್ಬನೇ ಗಂಡಸು ಹಾಗೆ ಕೂತದ್ದು ನೋಡಿ ಪಾಪ ಎನ್ನಿಸಿತು. ನನ್ನ ಲೈಸೆನ್ಸ್ ಕೂಡ ಅಲ್ಲೇ ಆ ಗೂಡಿನ ರಾಶಿಯಲ್ಲಿ ಹೂತುಹೋಯಿತು ಎಂದುಕೊಂಡೆ.

ಬುವಾ ಮಾತ್ರ ನಗಲಿಲ್ಲ. ಪೇಟ ಇನ್ನೂ ಅವಳ ತಲೆಯ ಮೇಲೇ ಇತ್ತು. ಅಧ್ಯಕ್ಷರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಅವರಿಗೆ ತಾನೇ ಚಹಾ ಬಗ್ಗಿಸಿ ಕೊಟ್ಟು, ಒಂದು ಕಥೆ ಹೇಳಿದಳು. ಅವಳು ಗಿರಣಿ ಹಾಕಿದ ಹೊಸತರಲ್ಲಿ ಆ ಊರಿನ ದೊಡ್ಡ ವ್ಯಾಪಾರಿಗಳ ಕೂಟವೊಂದು ವರ್ಷಕ್ಕೊಂದು ಔತಣ ಇಡುತ್ತಿತ್ತಂತೆ. ಅಂಗಡಿ ಇಟ್ಟುಕೊಂಡ ಹೆಂಗಸರನ್ನೂ ಕರೆಯುತ್ತಿದ್ದರು. ಆದರೆ ಕೂರಿಸುತ್ತಿದ್ದದ್ದು ವ್ಯಾಪಾರಿಗಳ ಹೆಂಡತಿಯರ ಸಾಲಿನಲ್ಲಿ. ತೆರಿಗೆ, ಅಂಗಡಿ ಜಾಗ, ರಸ್ತೆ, ಎಲ್ಲ ಮಾತೂ ಆಚೆಯ ಮೇಜಿನಲ್ಲಿ. "ಅಲ್ಲಿ ಬಡಿಸಿದ ಅನ್ನ ನನ್ನ ಗಿರಣಿಯದು, ನಾನು ಕೂತದ್ದು ಯಾರದೋ ಹೆಂಡತಿಯ ಪಕ್ಕ" ಎಂದಳು. ಆ ಸಾಲಿನಲ್ಲಿ ಪಕ್ಕ ಪಕ್ಕ ಕೂತು ಪರಿಚಯವಾದ ಹೆಂಗಸರೇ ಆಮೇಲೆ ಈ ಸಂಘ ಕಟ್ಟಿದರಂತೆ.

ಕಥೆ ಮುಗಿಸಿ ಬುವಾ ಅಧ್ಯಕ್ಷರ ಕಡೆ ತಿರುಗಿ ತುಂಬ ಮರ್ಯಾದೆಯಿಂದ ಕೈಮುಗಿದಳು. ಮುಂದಿನ ಮಳೆಗಾಲ ಕಳೆದ ಮೇಲೆ ನಾವೆಲ್ಲ ನಿಮ್ಮೂರಿಗೆ ಬರುತ್ತೇವೆ, ಈ ಇಬ್ಬರೂ ನಿಮ್ಮ ಮಾರ್ಕೆಟ್ಟಿನಲ್ಲಿ ಕೂಗುವುದನ್ನು ನೋಡಬೇಕು, ಬರಬಹುದೇ ಎಂದಳು.

ನಮ್ಮವರ ಬಾಯಿಗೆ ಆ ಪ್ರಶ್ನೆಗೆ ಬರುವುದು ಒಂದೇ ಉತ್ತರ. "ಅಯ್ಯೋ, ಬನ್ನಿ ಬನ್ನಿ, ಅಗತ್ಯ ಬನ್ನಿ, ನಮ್ಮ ಮನೇಲೇ ಊಟ" ಎಂದುಬಿಟ್ಟರು ಅಧ್ಯಕ್ಷರು. ಹೇಳಿ ಮುಗಿಸಿದ ಮೇಲೆ ಏನು ಹೇಳಿದೆನೆಂದು ಅವರಿಗೆ ಹೊಳೆದಿರಬೇಕು, ಚಹಾದ ಲೋಟ ಕೆಳಗಿಟ್ಟರು.

ಒಂದು ಕಚೇರಿ

ಮಾರನೆಯ ದಿನ ಅಧ್ಯಕ್ಷರು ಖಮರಳ ಜೊತೆ ಮಾತು ಬಿಟ್ಟಿದ್ದರು. ಆದರೆ ಅವಳಿಲ್ಲದೆ ಅವರಿಗೆ ಬಿಸಿನೀರೂ ಸಿಗುವಂತಿರಲಿಲ್ಲ. "ಸುಶೀಲಮ್ಮ, ಆಯಮ್ಮಂಗೆ ಹೇಳು, ನೀರು ಬೇಕು ಅಂತ" ಎಂದು ನನಗೆ ಹೇಳುವರು, ಪಕ್ಕದಲ್ಲೇ ನಿಂತ ಖಮರ್ ಅದನ್ನು ಜಸ್ಬೀರ್‌ಗೆ ಹೇಳುವಳು. ಮಾತಿನ ದಾರಿ ಇನ್ನೂ ಒಂದು ಮೈಲಿ ಉದ್ದವಾಯಿತು.

ಅಂದು ನಮ್ಮನ್ನು ಒಂದು ಸರ್ಕಾರಿ ಕಚೇರಿಗೆ ಕರೆದುಕೊಂಡು ಹೋದರು. ಬಣ್ಣ ಹಾಕುವ ಕೆಲಸದ ಒಬ್ಬ ಹುಡುಗಿಗೆ ತನ್ನ ಅಂಗಳಕ್ಕೆ ನೀರಿನ ನಲ್ಲಿ ಬೇಕಿತ್ತು. ಎಷ್ಟೋ ತಿಂಗಳಿಂದ ಓಡಾಡುತ್ತಿದ್ದಳಂತೆ. ಅವಳ ಜೊತೆ ಸಂಘದ ಏಳೆಂಟು ಹೆಂಗಸರು ಹೊರಟರು. ಘೋಷಣೆಯಿಲ್ಲ, ಭಾಷಣವಿಲ್ಲ. ಸಾಹೇಬರ ಕೋಣೆಯ ಮುಂದಿನ ಬೆಂಚುಗಳ ಮೇಲೆ ಕೂತು ಬುಟ್ಟಿ ಬಿಚ್ಚಿದರು. ಅಂಟಕ್ಕಿಯ ಅನ್ನ, ಖಾರದ ಚಟ್ನಿ, ಎಲೆಯಲ್ಲಿ ಸುತ್ತಿದ ಏನೇನೋ. ಗುಮಾಸ್ತರನ್ನೂ ಕರೆದು ಬಡಿಸಿದರು. ಒಬ್ಬಳು ಹೆಣಿಗೆ ತೆಗೆದಳು. ಮಾತನಾಡಿದವಳು ಆ ಹುಡುಗಿ ಒಬ್ಬಳೇ, ಉಳಿದವರು ಸುಮ್ಮನೆ ಕೂತಿದ್ದರು. ಅವರ ಸಂಘದ ನಿಯಮ ಅದಂತೆ: ಸದಸ್ಯೆ ಯಾವ ಕಚೇರಿಗೆ ಹೋದರೂ ಒಬ್ಬಳೇ ಹೋಗಕೂಡದು, ಸರದಿಯ ಮೇಲೆ ಯಾರಾದರೂ ಜೊತೆಗೆ ಹೋಗಬೇಕು.

ನಾವು ಕಚೇರಿಗೆ ಹೋಗುವ ರೀತಿ ನೆನಪಾಯಿತು. ಬೇಡುವ ಮುಖ ಮಾಡಿಕೊಂಡು ಒಬ್ಬರೇ ಹೋಗುತ್ತೇವೆ, ಇಲ್ಲವೇ ಯಾರೋ ಮುಖಂಡರನ್ನು ಮುಂದೆ ಮಾಡಿಕೊಂಡು ಅವರ ಹಿಂದೆ ನಿಲ್ಲುತ್ತೇವೆ. ಎರಡರಲ್ಲೂ ನಮ್ಮ ಮಾತು ನಾವು ಆಡುವುದಿಲ್ಲ.

ಕೆಲಸ ಅಂದು ಆಗಲಿಲ್ಲ. ಮುಂದಿನ ವಾರ ಬನ್ನಿ ಎಂದರು ಸಾಹೇಬರು. ಹೆಂಗಸರು ನಗುನಗುತ್ತಾ ಬುಟ್ಟಿ ಕಟ್ಟಿದರು, ಯಾವ ವಾರ, ಯಾರ ಸರದಿ ಎಂದು ಅಲ್ಲೇ ಮಾತಾಡಿಕೊಂಡರು. ನಿಮಗೆ ಕೋಪ ಬರುವುದಿಲ್ಲವೇ ಎಂದು ನಾನು ಬುವಾಳನ್ನು ಕೇಳಿದೆ.

"ಒಬ್ಬಳೇ ಬಂದಿದ್ದರೆ ಬರುತ್ತಿತ್ತು" ಎಂದಳು.

ಅಧ್ಯಕ್ಷರು ಇದನ್ನೆಲ್ಲ ಬೆಂಚಿನ ತುದಿಯಲ್ಲಿ ಕೂತು ನೋಡುತ್ತಿದ್ದರು. ಯಾರೋ ಅವರ ಕೈಗೂ ಒಂದು ಉಂಡೆ ಅನ್ನ ಇಟ್ಟಿದ್ದರು. ಅವರು ಅದನ್ನು ಅಗಿದು ತಿಂದರು.

ರೈಲು ನಿಲ್ದಾಣ

ಹೊರಡುವ ಬೆಳಗ್ಗೆ ಬುವಾ ನಿಲ್ದಾಣಕ್ಕೆ ಬಂದಿದ್ದಳು. ಅಧ್ಯಕ್ಷರು ಬಾಳೆಹಣ್ಣು ಕೊಳ್ಳಲು ಆಚೆ ಹೋದಾಗ ಅವಳು ನಮ್ಮಿಬ್ಬರನ್ನೂ ಹತ್ತಿರ ಎಳೆದುಕೊಂಡು ಏನೋ ಪಿಸುಗುಟ್ಟಿದಳು. ಜಸ್ಬೀರ್ ಕೇಳಿ ಕಣ್ಣರಳಿಸಿದಳು. ಖಮರಳಿಗೆ ತಲುಪಿದಾಗ ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ನಗತೊಡಗಿದಳು. ನನಗೆ ಕೊನೆಗೆ ತಲುಪಿತು.

"ನಾವು ಬರಲ್ಲ, ನಮ್ಮ ಹೆಂಗಸರು ಒಂದು ದಿನ ಅಂಗಡಿ ಮುಚ್ಚೋದೇ ಕಷ್ಟ, ಅಷ್ಟು ದೂರ ಎಲ್ಲಿ ಬರೋದು? ಆದ್ರೆ ನೀವು ಬರ್ತಾರೆ ಬರ್ತಾರೆ ಅಂತ ಹೇಳ್ತಾ ಇರಿ ಅಂತಾಳೆ ಸುಶೀಲಾ!"

ಆ ಮುದುಕಿಯ ಮುಖ ನೋಡಿದೆ. ಗಂಭೀರವಾಗಿ ತಲೆಯಾಡಿಸಿದಳು. ಅಲ್ಲಿನ ಮರ್ಯಾದೆ ಮರೆತು ಅವಳನ್ನು ತಬ್ಬಿಕೊಂಡುಬಿಟ್ಟೆ. ಎಲ್ಲಿಯ ಖೋನ್ ಕೇನ್, ಎಲ್ಲಿಯ ಶಿಡ್ಲಘಟ್ಟ. ನನ್ನ ಒಡಹುಟ್ಟಿದವರೂ ನನಗಾಗಿ ಇಷ್ಟು ಸೊಗಸಾದ ಸುಳ್ಳು ಹೇಳಿರಲಿಲ್ಲ.

ಮತ್ತೆ ಶಿಡ್ಲಘಟ್ಟ

ಊರಿಗೆ ಬಂದ ವಾರದಲ್ಲೇ ಸಂಘದ ಸಭೆ. ನಮಗೆ ಹಾರ ಹಾಕಿದರು. ಅಧ್ಯಕ್ಷರು ತಮ್ಮ ಪ್ರವಾಸ ಹೇಳಿದರು. ಹರಾಜು ತೋರಿಸಹೋದ ಭಾಗ ಬಿಟ್ಟು, ಪೇಟದ ಭಾಗ ವಿಸ್ತಾರವಾಗಿ. ಕೊನೆಗೆ, ಅವರೆಲ್ಲ ಮಳೆಗಾಲ ಕಳೆದ ಮೇಲೆ ನಮ್ಮ ಮಾರ್ಕೆಟ್ ನೋಡಲು ಬರುತ್ತಾರೆ, ಹೆಂಗಸರು ಕೂಗುವುದನ್ನು ನೋಡಬೇಕಂತೆ ಎಂದರು. ಸಭೆಯಲ್ಲಿ ಗುಜುಗುಜು ಎದ್ದಿತು. ನನ್ನ ಮೈದುನ ವೆಂಕಟೇಶನೇ ಎದ್ದು ನಿಂತ.

"ಅದಕ್ಕೇನಂತೆ, ಅವರು ಬಂದ ದಿನ ನಮ್ಮ ಅತ್ತಿಗೇನ, ಆ ಖಮರಮ್ಮನ್ನ ಕರ್ಕೊಂಡು ಬಂದು ಒಂದ್ಗಳಿಗೆ ನಿಲ್ಲಿಸಿದ್ರಾಯ್ತು."

ಸುತ್ತಲಿದ್ದವರು ಹೌದು ಹೌದು ಎಂದರು. ತಪ್ಪಿಸಿಕೊಳ್ಳಲು ಇಷ್ಟು ಸುಲಭದ ದಾರಿ ಇದೆಯೆಂದು ಆ ಮುದುಕಿಗೂ ಹೊಳೆದಿರಲಿಲ್ಲ.

ಅಧ್ಯಕ್ಷರು ಪಂಚೆಯ ನೆರಿಗೆ ಕೊಡವಿಕೊಂಡರು. "ಒಂದು ದಿನಕ್ಕೆ ಕೂಗು ಬರ್ತದೇನಪ್ಪ? ಅಲ್ಲಿ ಈಯಮ್ಮ ಬಾಯಿ ಬಿಡಲಾರದೆ ನಿಂತಿದ್ದು ನಾನು ಕಣ್ಣಾರೆ ನೋಡಿದೀನಿ. ಬಂದೋರ ಮುಂದೆ ಹಂಗೆ ನಿಂತರೆ ಊರಿನ ಮಾನ ಎಲ್ಲಿಡಣ? ಇವತ್ತಿಂದಲೇ ರೂಢಿ ಆಗ್ಲಿ" ಎಂದರು. ಮಾರನೆಯ ದಿನ ಅವರೇ ಇಲಾಖೆಗೆ ಬಂದರು. ಒಂದು ಮಾತೂ ಆಡದೆ ಬೆಂಚಿನ ಮೇಲೆ ಕೂತಿದ್ದರು, ನಾನೂ ಖಮರಳೂ ನಮ್ಮ ಮಾತು ನಾವೇ ಹೇಳಿದೆವು. ಅವರು ಬಂದು ಕೂತದ್ದೇ ಅಧಿಕಾರಿಗೆ ಸಂಘದ ಮಾತಾಯಿತು, ವರ್ಷ ಮುಗಿಯುವ ಮೊದಲೇ ಲೈಸೆನ್ಸ್ ಇಬ್ಬರ ಕೈಗೂ ಬಂತು.

ಮೊದಲ ದಿನ ಮಾರ್ಕೆಟ್ಟಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ವೆಂಕಟೇಶ ಬೇಕೆಂದೇ ನನ್ನ ಎದುರು ಕೂಗಿದ. ಕೆಂಚಾರ್ಲಹಳ್ಳಿಯ ರೈತರೊಬ್ಬರ ಗೂಡು, ಗಟ್ಟಿ, ಬಿಳುಪು. ನಾನೂ ಬಿಡಲಿಲ್ಲ. ಆ ರಾಶಿ ನನ್ನದಾದಾಗ ಆ ರೈತ, "ಏಮಮ್ಮ, ಗಂಟಲು ನೋಯಿಸ್ಕೊಂಡ್ಯಾ?" ಎಂದು ತಮ್ಮ ಬಾಟಲಿಯ ನೀರು ಕೊಟ್ಟರು. ಖಮರಳಿಗೆ ಈ ಅಳುಕೇನೂ ಇರಲಿಲ್ಲ. ಅವಳು ಕೂಗಿದರೆ ಆಚೆ ರಸ್ತೆಯಲ್ಲಿ ಬಸ್ಸು ನಿಲ್ಲಬೇಕು, ಹಾಗೆ ಕೂಗುತ್ತಿದ್ದಳು.

ಮಳೆಗಾಲ ಕಳೆಯಿತು, ಇನ್ನೊಂದು ಮಳೆಗಾಲವೂ ಕಳೆಯಿತು. ಯಾವಾಗ ಬರುತ್ತಾರೆ ಎಂದು ಯಾರು ಕೇಳಿದರೂ ನಾವಿಬ್ಬರೂ ಒಂದೇ ಉಸಿರಿಗೆ, "ಬರ್ತಾರೆ, ಸುದ್ದಿ ಬಂದಿದೆ" ಎನ್ನುತ್ತಿದ್ದೆವು. ಅಷ್ಟರಲ್ಲಿ ಮಂಚೇನಹಳ್ಳಿಯಿಂದ ಸೊಸೆಯಾಗಿ ಬಂದ ಒಬ್ಬಳು ತನ್ನ ಹೆಸರಿಗೆ ಲೈಸೆನ್ಸ್ ಕೇಳಿದಳು. ನಾನು, ಖಮರ್, ನಮ್ಮ ಬೇಸಿನ್ ಹುಡುಗಿಯರಲ್ಲಿ ನಾಲ್ವರು, ಬುತ್ತಿ ಕಟ್ಟಿಕೊಂಡು ಅವಳ ಜೊತೆ ಇಲಾಖೆಯ ಬೆಂಚಿನ ಮೇಲೆ ಹೋಗಿ ಕೂತೆವು. ಅವಳ ಹಿಂದೆ ಇನ್ನಿಬ್ಬರು ಬಂದರು. ಥಾಯ್ ಹೆಂಗಸರ ಮಾತು ಕೇಳುವವರೇ ಆಮೇಲೆ ಇಲ್ಲವಾದರು.

ನಂಜುಂಡಪ್ಪನವರು ಅಧ್ಯಕ್ಷಗಿರಿ ಬಿಟ್ಟು ಸುಮಾರು ಕಾಲವಾದ ಮೇಲೆ, ಒಂದು ಬೆಳಗ್ಗೆ ಮಾರ್ಕೆಟ್ಟಿನ ಎದುರಿನ ಟೀ ಅಂಗಡಿಯಲ್ಲಿ ಒಬ್ಬರೇ ಕೂತಿದ್ದರು. ಇನ್ನು ಹೇಳಿಬಿಟ್ಟರೆ ತಪ್ಪಿಲ್ಲ ಎನ್ನಿಸಿ ಹತ್ತಿರ ಹೋದೆ.

"ಸಾರ್, ಆ ಹೆಂಗಸರು ಬರಲ್ಲ ಅಂತ ಅವತ್ತೇ ನಮಗೆ ಗೊತ್ತಿತ್ತು" ಎಂದೆ.

ಅವರು ಟೀ ಆರಿಸುತ್ತಾ ನಕ್ಕರು. "ನನಗೂ ಗೊತ್ತಿತ್ತು ಕಣಮ್ಮ. ದಿನಾ ಬೆಳಗಾದ್ರೆ ಗೂಡಿನ ಮುಂದೆ ನಿಂತೋನು ನಾನು. ಕೊಳ್ಳೋರು ಯಾರು, ಸುಮ್ಮನೆ ಬೆಲೆ ಏರಿಸೋಕೆ ಕೂಗೋರು ಯಾರು ಅಂತ ಮುಖ ನೋಡಿದ್ರೆ ತಿಳಿಯಲ್ವಾ? ಪೇಟ ಹಾಕಿಸ್ಕೊಂಡ ಆಯಮ್ಮ ಸುಮ್ಮನೆ ಬೆಲೆ ಏರಿಸಿದ್ಲು."

ನನಗೆ ತಟ್ಟನೆ ಸಿಟ್ಟು ಬಂತು. ಇಷ್ಟು ವರ್ಷ ನಾವು ಇವರಿಗೆ ಮೋಸ ಮಾಡಿದೆವೆಂದು ಒಳಗೊಳಗೇ ನಗುತ್ತಿದ್ದೆವಲ್ಲ. "ಹಂಗಾದ್ರೆ ನಮ್ಮ ಯಜಮಾನರು ತೀರಿಕೊಂಡ ವರ್ಷವೇ ಆ ಒಂದು ಮಾತು ಹೇಳಬಹುದಿತ್ತಲ್ಲ ಸಾರ್? ಮೂರು ಸಲ ಬಂದೆನಲ್ಲ ನಿಮ್ಮ ಹತ್ರ?"

"ಹೇಳಬೋದಾಗಿತ್ತು" ಎಂದರು. ಲೋಟ ಬೆಂಚಿನ ಮೇಲಿಟ್ಟು ಮಾರ್ಕೆಟ್ಟಿನ ಗೇಟಿನ ಕಡೆ ಕೈ ತೋರಿಸಿದರು. "ಅಷ್ಟು ಜನ ರೀಲರ್‌ಗಳ ಎದುರು ಆವಾಗ ನಾನೂ ಒಬ್ಬನೇ ಇದ್ದೆ ಕಣಮ್ಮ."

ಊರಿನ ರೀಲರ್‌ಗಳನ್ನೆಲ್ಲ ಸದಸ್ಯರಾಗಿ ಇಟ್ಟುಕೊಂಡ ಸಂಘಕ್ಕೆ ಅಷ್ಟು ವರ್ಷ ಅಧ್ಯಕ್ಷರಾಗಿದ್ದವರು ಆ ಮಾತು ಹೇಳಿದರು.